ಶೇಷಣ್ಣನ ಲೈನಿನಲ್ಲಿ ಬಂದ ಸುದ್ದಿ

ಮೂವತ್ತು ವರ್ಷ ಸುದ್ದಿ ಬರೆದು ಬದುಕಿದವನು ನಾನು. ಕಣ್ಣಾರೆ ಕಂಡದ್ದನ್ನು ಕಂಡದ್ದೆಂದು, ಇನ್ನೊಬ್ಬರು ಹೇಳಿದ್ದನ್ನು ಹೇಳಿದ್ದೆಂದು ಬೇರೆ ಬೇರೆ ಇಟ್ಟು ಬರೆಯುವುದು ನನಗೆ ಅಭ್ಯಾಸ. ಇದನ್ನೂ ಹಾಗೇ ಬರೆಯುತ್ತಿದ್ದೇನೆ. ಇಲ್ಲಿ ಬರುವ ವೇಳೆಗಳೆಲ್ಲ ಆ ದಿನಗಳ ನನ್ನ ನೋಟ್‌ಬುಕ್ಕಿನಲ್ಲಿವೆ. ನಂಬಲೇಬೇಕೆಂದು ಒತ್ತಾಯವಿಲ್ಲ. ಆದರೆ ಒಂದು ಸಾಲನ್ನೂ ನಾನು ಕಟ್ಟಿಲ್ಲ. ಕಟ್ಟುವುದಾಗಿದ್ದರೆ ನನ್ನನ್ನು ಇಷ್ಟು ಸಣ್ಣವನಾಗಿ ತೋರಿಸಿಕೊಳ್ಳುತ್ತಿರಲಿಲ್ಲ.

ಎಂಬತ್ತರ ದಶಕದ ಆರಂಭ. ನಾನಾಗ ಹೊಸನಗರದಲ್ಲಿ ಒಂದು ದಿನಪತ್ರಿಕೆಯ ತಾಲ್ಲೂಕು ವರದಿಗಾರ. ಪತ್ರಿಕೆ ಶಿವಮೊಗ್ಗದಲ್ಲಿ ಅಚ್ಚಾಗುತ್ತಿತ್ತು. ಬರೆದ ಸುದ್ದಿಯನ್ನು ಕವರಿಗೆ ಹಾಕಿ ಸಂಜೆ ಐದೂವರೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ಆಗಿನ ಪದ್ಧತಿ. ಬಸ್ಸು ಹೋದ ಮೇಲೆ ಊರಲ್ಲಿ ಬೆಂಕಿಯೇ ಬಿದ್ದರೂ ನನಗದು ನಾಳಿನ ಕವರು, ನಾಡಿದ್ದಿನ ಪತ್ರಿಕೆ. ಅಂಚೆ ಕಚೇರಿಯಲ್ಲಿ ಫೋನಿತ್ತು, ಆದರೆ ಆ ಹೊತ್ತಿಗಾಗಲೇ ಅದರ ಬಾಗಿಲು ಹಾಕಿರುತ್ತಿತ್ತು.

ಶೇಷಪ್ಪಗೌಡರಿಗೆ ಈ ತೊಂದರೆ ಇರಲಿಲ್ಲ. ಅವರು ಇನ್ನೊಂದು ಪತ್ರಿಕೆಯ ವರದಿಗಾರ. ನನಗಿಂತ ಆರು ವರ್ಷ ದೊಡ್ಡವರು, ನಾನು ಶೇಷಣ್ಣ ಎನ್ನುತ್ತಿದ್ದೆ. ಒಂದೇ ಮಾಡಿನ ಕೆಳಗಿನ ಎರಡು ಬಾಡಿಗೆ ಮನೆ ನಮ್ಮವು, ನಡುವೆ ಒಂದು ಗೋಡೆ. ಅವರ ಮನೆಯಲ್ಲಿ ಫೋನಿತ್ತು. ಕಪ್ಪು ಪೆಟ್ಟಿಗೆ, ಪಕ್ಕದಲ್ಲೊಂದು ಹಿಡಿ. ಅದನ್ನು ತಿರುಗಿಸಿದರೆ ಎಕ್ಸ್‌ಚೇಂಜಿನ ಗೋಪಾಲ ಕೇಳುತ್ತಾನೆ, ಗೋಪಾಲ ಶಿವಮೊಗ್ಗಕ್ಕೆ ಕೊಡುತ್ತಾನೆ. ರಾತ್ರಿ ಏಳೂ ಇಪ್ಪತ್ತಕ್ಕೆ ಶೇಷಣ್ಣ ಹೇಳಿದ್ದು ಬೆಳಿಗ್ಗೆ ಪತ್ರಿಕೆಯಲ್ಲಿ.

ಒಂದೇ ಬೆಂಕಿ, ಒಂದೇ ಕಳವು, ಒಂದೇ ಮಂತ್ರಿಯ ಭಾಷಣ. ಅವರದ್ದು ಇವತ್ತು, ನನ್ನದು ನಾಳೆ. ಹೋಟೆಲಿನಲ್ಲಿ ಅವರ ಪತ್ರಿಕೆಗೆ ಕಿತ್ತಾಟ, ನನ್ನದರ ಮೇಲೆ ಕಾಫಿ ಲೋಟ. ಒಂದು ದಿನ ನನ್ನ ಹೆಂಡತಿ ಶಾರದೆಯೇ ಅಂದಳು, "ಶೇಷಣ್ಣಂದು ಓದಿಯಾಯ್ತು. ನಿಮ್ದು ನಾಳೆ ಅಲ್ವಾ, ನಾಳೆ ಓದ್ತೀನಿ ಬಿಡಿ." ಅವಳು ತಮಾಷೆಗೆ ಅಂದದ್ದು. ನಾನು ಆ ರಾತ್ರಿ ಉಣ್ಣಲಿಲ್ಲ.

ಫೋನಿಗೆ ನಾನೂ ಅರ್ಜಿ ಹಾಕಿದ್ದೆ. ಲೈನು ಖಾಲಿಯಿಲ್ಲ ಎಂಬ ಉತ್ತರ ಬಂದು ಮೂರು ವರ್ಷವಾಗಿತ್ತು.

ಒಂದು ಭಾನುವಾರ ಶೇಷಣ್ಣ ಅವರೇ ನಮ್ಮ ಜಗಲಿಗೆ ಬಂದು ಕೂತರು. ಮೂಗಿಗೆ ನಶ್ಯ ಏರಿಸಿ, ವಸ್ತ್ರದಲ್ಲಿ ಒರೆಸಿಕೊಂಡು, "ಎಂತ ಮಾರಾಯ, ಇನ್ನೂ ಕಂಡಕ್ಟರ್ ಕಾಲು ಹಿಡೀತಾ ಇದೀಯಾ?" ಎಂದು ಶುರುಮಾಡಿದರು. ತಮ್ಮ ಲೈನಿಗೇ ಎಕ್ಸ್‌ಟೆನ್ಷನ್ ಹಾಕಿಸಿ, ಗೋಡೆಯಲ್ಲಿ ಒಂದು ತೂತು ಕೊರೆದು ಇನ್ನೊಂದು ಫೋನು ನನ್ನ ಕೋಣೆಯಲ್ಲಿ ಇಡಿಸುವುದಾಗಿ ಹೇಳಿದರು. ಒಂದೇ ತೊಡಕು. ಇಲಾಖೆಯ ನಿಯಮದ ಪ್ರಕಾರ ಎಕ್ಸ್‌ಟೆನ್ಷನ್ ಬೇರೆಯವರ ಮನೆಗೆ ಸಿಗುವುದಿಲ್ಲ. ಹಾಗಾಗಿ ಅರ್ಜಿಯಲ್ಲಿ ನನ್ನ ಕೋಣೆಯನ್ನು 'ಶ್ರೀ ಶೇಷಪ್ಪಗೌಡರ ಕಚೇರಿ' ಎಂದು ಬರೆಯಬೇಕು.

ಬರೆದರು. ನಾನು ಒಪ್ಪಿದೆ. ಬೇಕಾದ ವಸ್ತು ಕೈಗೆ ಬಂತು, ಜೊತೆಗೆ ನನ್ನ ಕೋಣೆ ಕಾಗದದ ಮೇಲೆ ಅವರದ್ದಾಯಿತು.

ಲೈನ್‌ಮನ್ ಪುಟ್ಟಪ್ಪ ಬಂದು ಅರ್ಧ ದಿನದಲ್ಲಿ ಕೆಲಸ ಮುಗಿಸಿದ. ಗೋಡೆಗೆ ಅಂಗೈಯಷ್ಟು ದೊಡ್ಡ ಪೆಟ್ಟಿಗೆ, ಅದರಲ್ಲೊಂದು ಸ್ವಿಚ್ಚು. ಮೇಲಕ್ಕೆ ಹಾಕಿದರೆ ಲೈನು ಶೇಷಣ್ಣನ ಮನೆಗೆ ಮಾತ್ರ. ಕೆಳಕ್ಕೆ ಹಾಕಿದರೆ ನನಗೆ ಮಾತ್ರ, ಅವರ ಫೋನು ಸತ್ತ ಹಾಗೆ. ನಡುವೆ ನಿಲ್ಲಿಸಿದರೆ ಇಬ್ಬರಿಗೂ. "ನಡುವೆ ಮಾತ್ರ ಇಡಬ್ಯಾಡಿ ಸಾರ್, ಒಬ್ರು ಮಾತಾಡಿದ್ದು ಇನ್ನೊಬ್ರಿಗೆ ಕೇಳ್ತದೆ" ಎಂದು ಪುಟ್ಟಪ್ಪ ಎಚ್ಚರಿಸಿದ. ಸ್ವಿಚ್ಚು ಯಾರ ಕಡೆ ಇರಬೇಕೆಂದು ಅವನು ಕೇಳಿದಾಗ ಶೇಷಣ್ಣ ಯೋಚಿಸಲೂ ಇಲ್ಲ. "ಅವನ ಕಡೆಗೇ ಇರ್ಲಿ. ನಾನು ಮರೀತೀನಿ."

ಏಳರಿಂದ ಏಳೂವರೆ ಅವರ ಹೊತ್ತು. ಆಮೇಲೆ ನನ್ನದು. ಹಾಗೆಂದು ಮಾತಾಯಿತು.

ಮೊದಲ ವಾರ ನಾನು ಸ್ವಿಚ್ಚನ್ನು ಮೇಲಕ್ಕೇ ಇಟ್ಟಿದ್ದೆ. ಎರಡನೇ ವಾರದಿಂದ ನಡುವೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರು ಫೋನಿನ ಹಿಡಿ ತಿರುಗಿಸಿದರೆ ನನ್ನ ಕೋಣೆಯ ಗಂಟೆ ಅರ್ಧಕ್ಕೆ 'ಟಿಣ್' ಎನ್ನುತ್ತಿತ್ತು. ನಾನು ಮೆಲ್ಲಗೆ ರಿಸೀವರ್ ಎತ್ತಿ, ಬಾಯಿಗೆ ಅಂಗೈ ಮುಚ್ಚಿ ಕೇಳುತ್ತಿದ್ದೆ. ಅವರದ್ದೊಂದು ರೂಢಿ. ಮೊದಲು ಉಗುರಿನಿಂದ ರಿಸೀವರಿಗೆ ಮೂರು ಸಲ ಬಡಿಯುವರು. ಟಕ್, ಟಕ್, ಟಕ್. ಆಮೇಲೆ "ಬರ್ಕೊಳಿ." ನಾಲ್ಕು ಪದ ಹೇಳಿ ನಿಲ್ಲಿಸುವರು, ಆ ಕಡೆಯವರು ಬರೆದುಕೊಂಡು "ಹೂಂ" ಎಂದ ಮೇಲೆ ಮುಂದಿನ ನಾಲ್ಕು ಪದ. ನಾನೂ ಬರೆದುಕೊಳ್ಳುತ್ತಿದ್ದೆ. ನನಗೆ ಗೊತ್ತಿಲ್ಲದ ಒಂದೆರಡು ವಿಷಯ ನನ್ನ ಸುದ್ದಿಯಲ್ಲೂ ಸೇರುತ್ತಿದ್ದವು. ಶೇಷಣ್ಣ ಒಂದು ದಿನವೂ ಕೇಳಲಿಲ್ಲ. ತಿಳಿದಿರಲಿಲ್ಲವೋ, ತಿಳಿದೂ ಬಿಟ್ಟರೋ... ಅದೂ ನನಗೆ ಉರಿಯುತ್ತಿತ್ತು. ಒಮ್ಮೆಯಾದರೂ ಅವರಿಗೆ ಇಲ್ಲದ ಸುದ್ದಿ ನನ್ನಲ್ಲಿ ಬರಬೇಕು. ಇಡೀ ಬೇಸಿಗೆ ನನಗೆ ಅದೊಂದೇ ಹಂಬಲ.

ಆ ಗುರುವಾರ ನನ್ನ ಬಳಿ ಕಳಿಸಲು ಏನೂ ಇರಲಿಲ್ಲ. ಸೆಕೆ. ಕಿಟಕಿ ತೆರೆದಿದ್ದೆ. ಎಲ್ಲೋ ಯಾರೋ ಹುರುಳಿ ಹುರಿಯುತ್ತಿದ್ದ ವಾಸನೆ ಬರುತ್ತಿತ್ತು. ಏಳೂ ಇಪ್ಪತ್ತಕ್ಕೆ ಸರಿಯಾಗಿ ಗಂಟೆ 'ಟಿಣ್' ಎಂದಿತು.

ರಿಸೀವರ್ ಎತ್ತಿದೆ. ಮೂಗಿಗೆ ನಶ್ಯದ ಘಾಟು ಹೊಡೆಯಿತು. ನನ್ನ ಫೋನನ್ನು ಶೇಷಣ್ಣ ಒಮ್ಮೆಯೂ ಮುಟ್ಟಿದವರಲ್ಲ...

ಟಕ್, ಟಕ್, ಟಕ್.

"ಬರ್ಕೊಳಿ. ಕೋಣಂದೂರಿನಿಂದ ಹೊಸನಗರಕ್ಕೆ... ಬರುತ್ತಿದ್ದ ಜೀಪೊಂದು..."

ನಿಲ್ಲಿಸಿದರು. "ಹೂಂ" ಎಂಬ ಸದ್ದು ಬಂತು. ಮುಂದುವರಿಸಿದರು. ತಿರುವಿನಲ್ಲಿ ಜೀಪು ಮಗುಚಿದೆ. ಚಾಲಕನಿಗೆ ತರಚಿದ ಗಾಯ. ಒಬ್ಬರು ಸತ್ತಿದ್ದಾರೆ. ರಾತ್ರಿ ಎಂಟು ಗಂಟೆ ಸುಮಾರಿಗೆ ಈ ಘಟನೆ ನಡೆದಿದೆ.

ರಾತ್ರಿ ಎಂಟು ಗಂಟೆ. ನಾನು ಗಡಿಯಾರ ನೋಡಿದೆ. ಏಳೂ ಇಪ್ಪತ್ತಮೂರು. ನನ್ನ ಮೈಯಲ್ಲಿ ಓಡಿದ್ದು ಭಯವಲ್ಲ, ಸಂತೋಷ. ಶೇಷಣ್ಣನೂ ತಪ್ಪಿದರು, ಆರನ್ನು ಎಂಟು ಅಂದರು ಎಂದುಕೊಂಡೆ. ನನ್ನ ಹಾಳೆಯಲ್ಲಿ 'ಸಂಜೆ ಆರು ಗಂಟೆ' ಎಂದು ತಿದ್ದಿಕೊಂಡೆ.

"ಮೃತಪಟ್ಟವರ ಹೆಸರು..." ಎಂದರು ಶೇಷಣ್ಣ. ನಿಲ್ಲಿಸಿದರು.

ಆ ಕ್ಷಣದಲ್ಲಿ ನಾನು ಸ್ವಿಚ್ಚನ್ನು ಕೆಳಕ್ಕೆ ಎಳೆದೆ.

ಅವರ ಫೋನು ಸತ್ತಿತು. ಅರ್ಧ ಸುದ್ದಿ ಹೇಳಿ ಕೂತಿರಲಿ, ಅವರು ಗೋಡೆ ಬಡಿಯುವುದರೊಳಗೆ ನನ್ನದು ಮುಗಿದಿರುತ್ತದೆ. ಇದು ಆಗಿನ ನನ್ನ ಲೆಕ್ಕಾಚಾರ. ಹಿಡಿ ತಿರುಗಿಸಿದೆ. ಗೋಪಾಲ ಬಂದ.

"ಏನ್ ಸಾರ್, ಇದು ಗೌಡ್ರ ಟೈಮಲ್ವಾ?"

ಗೌಡರದ್ದು ಈಗಷ್ಟೇ ಮುಗಿಯಿತು ಎಂದೆ.

"ಗೌಡ್ರು ಇವತ್ತು ಲೈನೇ ತಗೊಂಡಿಲ್ವಲ್ಲ ಸಾರ್. ಹಿಡಿ ತಿರುಗಿಸಿದ್ರೆ ಬೋರ್ಡಲ್ಲಿ ನಿಮ್ಮ ನಂಬರಿನ ತಗಡು ಬೀಳ್ತದೆ, ಇವತ್ತು ಬಿದ್ದಿದ್ದು ಇದೇ ಮೊದ್ಲು."

ಅವನಿಗೆ ನಿದ್ದೆಗಣ್ಣಿರಬೇಕು ಎಂದುಕೊಂಡೆ. ಶಿವಮೊಗ್ಗ ಸಿಕ್ಕಿತು. ಸುದ್ದಿ ಹೇಳಿದೆ. ನಮ್ಮ ಪತ್ರಿಕೆಯವರು ಸತ್ತವರ ಹೆಸರು ಕೇಳಿದಾಗ ಗುರುತು ಪತ್ತೆಯಾಗಿಲ್ಲ ಎಂದೆ. ಪೊಲೀಸರನ್ನು ಕೇಳಿದಿರಾ ಎಂದರು. ಕೇಳಿದ್ದೇನೆ ಎಂದೆ. ಅಲ್ಲಿಯತನಕ ನಾನು ಹಾಗೆ ಒಂದು ಸುಳ್ಳೂ ಹೇಳಿದವನಲ್ಲ. ಏಳೂ ನಲವತ್ತೊಂದಕ್ಕೆ ರಿಸೀವರ್ ಇಟ್ಟೆ.

ಗೋಡೆಯ ಆಚೆ ಸದ್ದಿಲ್ಲ. ಬೈಗುಳವಿಲ್ಲ, ಬಡಿತವಿಲ್ಲ.

ಶಾರದೆ ಬಾಗಿಲಲ್ಲಿ ನಿಂತಿದ್ದಳು. "ಆಗಿಂದ ಯಾರ ಹತ್ರ 'ಹೂಂ, ಹೂಂ' ಅಂತಿದ್ರಿ?"

ನಾನಲ್ಲ, ಅದು ಶೇಷಣ್ಣನ ಪತ್ರಿಕೆಯವರು ಎಂದೆ. ಅವಳು ನನ್ನನ್ನೇ ನೋಡಿದಳು.

"ನೀವೇ. ನಾಲ್ಕೈದು ಸಲ. ಮತ್ತೆ ಶೇಷಣ್ಣ ಎಲ್ಲಿದಾರೆ? ಹೆಂಡತಿ ಕರ್ಕೊಂಡ್ ಬರೋಕೆ ಮಧ್ಯಾಹ್ನವೇ ಕೋಣಂದೂರಿಗೆ ಹೋದ್ರು. ಬೀಗದ ಕೈ ನಮ್ಮನೇಲೇ ಇದೆ."

ಮೊಳೆಯಲ್ಲಿ ತೂಗುತ್ತಿತ್ತು ಬೀಗದ ಕೈ.

ಟಾರ್ಚು ಹಿಡಿದು ಹೋದೆ. ಅವರ ಬಾಗಿಲಿಗೆ ಹೊರಗಿನಿಂದ ಬೀಗ. ತೆಗೆದೆ. ಒಳಗೆ ಮುಚ್ಚಿದ ಮನೆಯ ಬಿಸಿ ಗಾಳಿ, ಅದರೊಳಗೆ ಆಗಷ್ಟೇ ಡಬ್ಬಿ ತೆರೆದಂತೆ ನಶ್ಯದ ಘಾಟು. ಮೇಜಿನ ಮೇಲೆ ಫೋನು. ಅದಕ್ಕೆ ಅವರ ಹೆಂಡತಿ ಹೆಣೆದ ಬಿಳಿ ಬಟ್ಟೆ ಹೊದಿಸಿದ್ದು ಹಾಗೇ ಇತ್ತು. ಬಟ್ಟೆ ಸರಿಸಿ ರಿಸೀವರ್ ಮುಟ್ಟಿದೆ.

ಬೆಚ್ಚಗಿತ್ತು.

ಸೆಕೆಯ ದಿನ, ಮುಚ್ಚಿದ ಮನೆ, ಯಾವುದಾದರೂ ಬೆಚ್ಚಗಿರಬಹುದು. ಪಕ್ಕದ ಹಿತ್ತಾಳೆ ಲೋಟವನ್ನೂ ಮುಟ್ಟಿ ನೋಡಿದೆ. ಅದು ತಣ್ಣಗಿತ್ತು.

ಗಡಿಯಾರದಲ್ಲಿ ಏಳೂ ಐವತ್ತೆರಡು. ಇದನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದಿದ್ದೇನೆ. ಯಾರೂ ಇಲ್ಲದ ಮನೆಯಿಂದ ಬಂದ, ಯಾರೂ ಹೇಳದ ಸುದ್ದಿಯನ್ನು ನಾನು ಕಳಿಸಿದ್ದೇನೆಂದು ಆಗ ನನಗೆ ಪೂರ್ತಿ ಗೊತ್ತಾಗಿತ್ತು. ಶೇಷಣ್ಣ ಕೋಣಂದೂರಿನಲ್ಲಿದ್ದಾರೆ ಎಂಬುದೂ ಗೊತ್ತಿತ್ತು. ಅಲ್ಲಿಗೆ ಒಂದು ಫೋನು ಮಾಡಿ ವಿಚಾರಿಸಬಹುದಿತ್ತು. ಶಿವಮೊಗ್ಗಕ್ಕೆ ಇನ್ನೊಂದು ಮಾಡಿ ಆ ಸುದ್ದಿ ತೆಗೆಯಿರಿ ಎನ್ನಬಹುದಿತ್ತು.

ಎರಡನ್ನೂ ಮಾಡಲಿಲ್ಲ. ಬಾಗಿಲಿಗೆ ಬೀಗ ಹಾಕಿಕೊಂಡು ಬಂದೆ. ಸುದ್ದಿ ನಿಜವಾಗಿದ್ದು, ನಾನು ತೆಗೆಸಿ, ನಾಳೆ ಅವರ ಪತ್ರಿಕೆಯಲ್ಲಿ ಮಾತ್ರ ಬಂದರೆ? ಅಂಥ ಹೊತ್ತಿನಲ್ಲೂ ನನಗೆ ತೋಚಿದ್ದು ಅದು.

ಶುಕ್ರವಾರ ಬೆಳಿಗ್ಗೆ ಸುದ್ದಿ ಬಂತು. ಮೊದಲ ಪುಟದ ಕೆಳಗೆ, ಚೌಕಟ್ಟಿನಲ್ಲಿ. ಶೇಷಣ್ಣನ ಪತ್ರಿಕೆಯಲ್ಲಿ ಒಂದಕ್ಷರ ಇಲ್ಲ. ಹೋಟೆಲಿನಲ್ಲಿ ನನ್ನ ಪತ್ರಿಕೆಗೆ ಕೈಗಳು ಚಾಚಿದವು. ಅದನ್ನು ಎರಡು ಗಂಟೆ ಕಾಲ ಅನುಭವಿಸಿದೆ.

ಹತ್ತು ಗಂಟೆಗೆ ಸಬ್‌ಇನ್ಸ್‌ಪೆಕ್ಟರು ಕರೆಸಿದರು. ಅವರ ಮುಂದೆ ಪತ್ರಿಕೆ ಹರಡಿತ್ತು. ಜೀಪು ಮಗುಚಿದ್ದು ನಿಜ. ಆದರೆ ಆರು ಗಂಟೆಗಲ್ಲ, ಎಂಟೂ ಐದಕ್ಕೆ. ಕೋಣಂದೂರಿನಿಂದ ಈಚೆಯ ತಿರುವಿನಲ್ಲಿ. "ನಮಗೆ ಗೊತ್ತಾಗಿದ್ದೇ ಒಂಬತ್ತೂವರೆಗೆ. ನಿಮ್ಮ ಪತ್ರಿಕೆಗೆ ಇದನ್ನ ಯಾವಾಗ ಹೇಳಿದ್ರಿ?" ಎಂದು ಕೇಳಿದರು. ರಾತ್ರಿ ಹತ್ತಕ್ಕೆ ಎಂದೆ. ಅವರು ಬರೆದುಕೊಂಡರು.

"ಇನ್ನೊಂದು ತಪ್ಪು. ಯಾರೂ ಸತ್ತಿಲ್ಲ. ಒಬ್ರಿಗೆ ತಲೆಗೆ ಜೋರು ಏಟು, ತೀರ್ಥಹಳ್ಳಿ ಆಸ್ಪತ್ರೆಲಿದಾರೆ. ನಿಮ್ಮ ಪಕ್ಕದ್ಮನೆಯವ್ರೇ ಅಲ್ವೇನ್ರೀ, ಶೇಷಪ್ಪಗೌಡ್ರು?"

ಹೆಂಡತಿ ಇನ್ನೊಂದು ವಾರ ತವರಿನಲ್ಲೇ ಇರುತ್ತೇನೆ ಎಂದಿದ್ದರಂತೆ. ಬಸ್ಸು ತಪ್ಪಿತ್ತು. ತಡವಾದರೂ ಸುದ್ದಿ ಹೇಳಲು ಫೋನಿನ ಹತ್ತಿರ ಇರಬೇಕೆಂದು ಶೇಷಣ್ಣ ಸಿಕ್ಕ ಜೀಪು ಹತ್ತಿದ್ದರು.

ಶಿವಮೊಗ್ಗದ ನಮ್ಮ ಕಚೇರಿಗೂ ವಿಷಯ ಮುಟ್ಟಿತ್ತು. ಬದುಕಿರುವವರನ್ನು ಸಾಯಿಸಿದ್ದೀರಿ, ಖುದ್ದು ಹೋಗಿ ನೋಡಿ, ರಾತ್ರಿಯೊಳಗೆ ತಿದ್ದುಪಡಿ ಕಳಿಸಿ ಎಂದರು. ನನಗೆ ಅವಮಾನವಾಗಲಿಲ್ಲ. ಎದೆ ಹಗುರವಾಯಿತು. ತಿದ್ದುಪಡಿ ಅಚ್ಚಾದರೆ ಸುದ್ದಿ ಸುಳ್ಳಾಗುತ್ತದೆ, ಸುದ್ದಿ ಸುಳ್ಳಾದರೆ ಶೇಷಣ್ಣ ಉಳಿಯುತ್ತಾರೆ. ಬುದ್ಧಿಯಿರುವವನು ಹಾಗೆ ಯೋಚಿಸುವುದಿಲ್ಲ. ಆ ದಿನ ನಾನು ಯೋಚಿಸಿದ್ದು ಹಾಗೇ.

ಮಧ್ಯಾಹ್ನದ ಬಸ್ಸಿಗೆ ತೀರ್ಥಹಳ್ಳಿಗೆ ಹೋದೆ. ವಾರ್ಡಿನಲ್ಲಿ ಫಿನಾಯಿಲ್ ವಾಸನೆ. ಶೇಷಣ್ಣನ ತಲೆಗೆ ದಪ್ಪ ಪಟ್ಟಿ, ಮುಖ ಊದಿತ್ತು. ಅವರ ಹೆಂಡತಿ ಮಂಚದ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ನಿನ್ನೆಯಿಂದ ಒಂದು ಮಾತೂ ಆಡಿಲ್ಲ, ಕಣ್ಣೂ ಬಿಟ್ಟಿಲ್ಲ ಎಂದರು. ಪತ್ರಿಕೆಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಬಗ್ಗಿ, "ಶೇಷಣ್ಣ" ಎಂದೆ.

ಕಣ್ಣು ತೆರೆದರು. ನನ್ನನ್ನು ಗುರುತಿಸಿದರು, ಅದರಲ್ಲಿ ಸಂಶಯವಿಲ್ಲ. ತುಟಿ ಅಲ್ಲಾಡಿತು. ಕಿವಿ ಹತ್ತಿರ ತಂದೆ.

"ಹೆಸ್ರು ಹೇಳೋ ಹೊತ್ತಿಗೆ ಕಟ್ ಮಾಡ್ದೆಯಲ್ಲ ಮಾರಾಯ... ಒಂದ್ನಿಮಿಷ ಬಿಡಬಾರ್ದಿತ್ತಾ."

ಸಿಟ್ಟಿರಲಿಲ್ಲ ದನಿಯಲ್ಲಿ. ಬಸ್ಸು ತಪ್ಪಿಸಿಕೊಂಡವನು ಅನ್ನುವಂತೆ ಅಂದರು. ಮತ್ತೆ ಕಣ್ಣು ಮುಚ್ಚಿದರು.

ಅವರ ಹೆಂಡತಿ ಗಾಬರಿಯಿಂದ ಎದ್ದು ನಿಂತು, "ಮಾತಾಡಿದ್ರಾ? ಏನಂದ್ರು?" ಎಂದು ಕೇಳಿದರು.

"ಏನಿಲ್ಲ ಅಕ್ಕಾ. ಫೋನಿನ ವಿಷ್ಯ" ಎಂದೆ.

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಾತು ಬಂತಲ್ಲ ಎಂಬ ಸಂತೋಷದ ಅಳು ಅದು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತಿದ್ದುಪಡಿ ಬರೆದೆ. ನಾಲ್ಕು ಸಾಲು. ಅಷ್ಟು ಎಚ್ಚರದಿಂದ ನಾನು ಯಾವ ಸುದ್ದಿಯನ್ನೂ ಬರೆದಿಲ್ಲ. ಮನೆಗೆ ಬಂದಾಗ ಏಳೂ ಕಾಲು. ಸ್ವಿಚ್ಚು ಹಿಂದಿನ ರಾತ್ರಿ ಎಳೆದಂತೆ ಕೆಳಗೇ ಇತ್ತು, ನನಗೆ ಮಾತ್ರ. ಹಿಡಿ ತಿರುಗಿಸಿದೆ, ಗೋಪಾಲ ಶಿವಮೊಗ್ಗ ಕೊಟ್ಟ. ಎದುರಿನವರು ಹೇಳಿ ಎಂದರು. ಹೇಳತೊಡಗಿದೆ.

"ಗುರುವಾರದ ಅಪಘಾತದಲ್ಲಿ... ಒಬ್ಬರು ಮೃತಪಟ್ಟಿದ್ದಾರೆಂದು..."

"ಹೂಂ."

"ಪ್ರಕಟವಾದ ವರದಿ... ಸರಿಯಲ್ಲ..."

"ಹೂಂ" ಬರಲಿಲ್ಲ. ಲೈನಿನ ಗುಂಯ್‌ಗುಡುವ ಸದ್ದು ನಿಂತಿತು. ಬಾವಿಯೊಳಗೆ ಕಿವಿಯಿಟ್ಟ ಹಾಗೆ... ಆಮೇಲೆ ನಶ್ಯದ ಘಾಟು.

ಟಕ್, ಟಕ್, ಟಕ್.

"ತಿದ್ದುಪಡಿ ಬೇಡ" ಎಂದಿತು ದನಿ. "ಇದ್ದ ಹಾಗೇ ಇರ್ಲಿ. ಹೆಸ್ರು ಮಾತ್ರ ಸೇರ್ಸು."

ಶಿವಮೊಗ್ಗದಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವರು ಯಾರೂ ಇರಲಿಲ್ಲ.

ನಾನು ಹಲೋ ಹಲೋ ಎಂದು ಕೂಗಿದ್ದು ಕೇಳಿ ಶಾರದೆ ಓಡಿಬಂದಳು. ಗಡಿಯಾರ ನೋಡು ಎಂದೆ. ಅವಳು ನೋಡಿ ಹೇಳಿದಳು, ಏಳೂ ಇಪ್ಪತ್ತೈದು. ಆಮೇಲೆ ಲೈನು ಸಿಗಲೇ ಇಲ್ಲ. ಗೋಪಾಲನೂ ಬರಲಿಲ್ಲ. ಹಿಡಿ ಸುಮ್ಮನೆ ತಿರುಗುತ್ತಿತ್ತು. ಸ್ವಿಚ್ಚನ್ನು ಮೇಲೆ ಹಾಕಿದೆ, ನಡುವೆ ತಂದೆ, ಕೆಳಗೆ ಎಳೆದೆ. ಗೋಡೆಯ ಆಚೆ, ಆ ಬೀಗ ಹಾಕಿದ ಮನೆಯಲ್ಲಿ, ರಿಸೀವರ್ ಇಟ್ಟ ಸದ್ದಾಯಿತು. ಅದು ನನಗೊಬ್ಬನಿಗೇ ಅಲ್ಲ, ಶಾರದೆಗೂ ಕೇಳಿಸಿತು.

ಶನಿವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಬಂದವರು ತಿಳಿಸಿದರು. ಶೇಷಣ್ಣ ಹಿಂದಿನ ರಾತ್ರಿ ತೀರಿಕೊಂಡಿದ್ದರು. ಹೊತ್ತು ಎಷ್ಟೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಏಳೂ ಇಪ್ಪತ್ತೈದು.

ಪತ್ರಿಕೆಯಲ್ಲಿ ತಿದ್ದುಪಡಿ ಬಂದಿರಲಿಲ್ಲ. ನಿಮ್ಮಿಂದ ನಿನ್ನೆ ಕರೆಯೇ ಬರಲಿಲ್ಲವಲ್ಲ ಎಂದರು ಶಿವಮೊಗ್ಗದವರು. ಎಕ್ಸ್‌ಚೇಂಜಿಗೆ ಹೋಗಿ ಗೋಪಾಲನನ್ನು ಕೇಳಿದೆ. ಅವನು ಹೊರಊರಿನ ಕರೆ ಬರೆದಿಡುವ ಟ್ರಂಕ್ ಚೀಟಿ, ಹಿಂದಿನ ರಾತ್ರಿಯದು, ತೆಗೆದು ತೋರಿಸಿದ. ಹೊಸನಗರದಿಂದ ಶಿವಮೊಗ್ಗಕ್ಕೆ ಮೂರು ನಿಮಿಷದ ಕರೆ, ಪೂರ್ತಿ. ಕರೆ ಮಾಡಿದವರ ಹೆಸರಿನ ಜಾಗದಲ್ಲಿ ಎಂದಿನಂತೆ ನಂಬರಿನ ಯಜಮಾನರ ಹೆಸರು, ಶೇಷಪ್ಪಗೌಡ.

ಹೆಸರು ಸೇರಿಸಿ ಆ ದಿನವೇ ಸುದ್ದಿ ಬರೆದೆ, ಅಷ್ಟರಲ್ಲಿ ಬಸ್ಸು ಹೋಗಿತ್ತು. ಫೋನು ಮಾಡಲು ಧೈರ್ಯವಾಗಲಿಲ್ಲ. ಕವರಿಗೆ ಹಾಕಿ ಮರುದಿನ ಐದೂವರೆಯ ಕಂಡಕ್ಟರಿಗೆ ಕೊಟ್ಟೆ. ಶೇಷಣ್ಣನ ಪತ್ರಿಕೆಯಲ್ಲಿ ಅವರ ಸಾವಿನ ಸುದ್ದಿ ಭಾನುವಾರ ಬಂತು. ನನ್ನದರಲ್ಲಿ ಸೋಮವಾರ.

ಆಮೇಲೆ ಅವರ ಹೆಂಡತಿ ಕಾಗದಕ್ಕೆ ಸಹಿ ಹಾಕಿ ಆ ಲೈನನ್ನು ನನ್ನ ಹೆಸರಿಗೆ ಮಾಡಿಕೊಟ್ಟರು. ಗಂಡನಿಗೆ ಅದು ಇಷ್ಟವಿತ್ತು ಎಂದರು. ಪುಟ್ಟಪ್ಪ ಬಂದು ಆ ಕಡೆಯ ಫೋನು ಬಿಚ್ಚಿಕೊಂಡು ಹೋದ, ಗೋಡೆಯ ತೂತಿಗೆ ಗಾರೆ ಮೆತ್ತಿದ. ಸ್ವಿಚ್ಚಿನ ಪೆಟ್ಟಿಗೆಯನ್ನೂ ತೆಗೆಯುತ್ತೇನೆಂದಾಗ ನಾನು ಬೇಡ ಎಂದೆ. ಇನ್ನು ಅದಕ್ಕೆ ಆಚೆ ತಂತಿಯಿಲ್ಲ, ಮೇಲೆ ಹಾಕಿದರೂ ಕೆಳಗೆ ಹಾಕಿದರೂ ಒಂದೇ ಸಾರ್ ಎಂದು ಅವನು ನಕ್ಕ.

ಅದನ್ನು ನಡುವೆ ತಂದು ನಿಲ್ಲಿಸಿದ್ದೇನೆ. ಏಳೂ ಇಪ್ಪತ್ತರ ಹೊತ್ತಿಗೆ ಮನೆಯವರು ಯಾರೂ ಆ ಕೋಣೆಗೆ ಬರುವುದಿಲ್ಲ. ನಾನು ಹೋಗಿ ಕೂರುತ್ತೇನೆ, ಹಾಳೆ ಪೆನ್ನು ಇಟ್ಟುಕೊಂಡು. ಈವರೆಗೆ ಗಂಟೆ ಅರ್ಧಕ್ಕೆ 'ಟಿಣ್' ಎಂದದ್ದು ಎರಡೇ ಸಲ. ಎರಡು ಸಲವೂ ನಾನು ರಿಸೀವರ್ ಎತ್ತಲಿಲ್ಲ. ಎತ್ತಿದರೆ ಈ ಬಾರಿ ಹೆಸರು ಕೇಳುವವರೆಗೂ ಹಿಡಿದಿರಬೇಕಾಗುತ್ತದೆ...